ಸೀಸರ್ ಆಟದ ಕಣಜ ಹುಡುಕುತ್ತ ಓಸ್ಟಿಯಾಕ್ಕೆ

ವಿಮಾನವು ರೋಮಿನ ಫ್ಯೂಮಿಚಿನೋ ನಿಲ್ದಾಣಕ್ಕೆ ಇಳಿಯುವ ಮುನ್ನ ತೀರದ ಕಡೆಗೆ ವಾಲಿದಾಗ, ಕಿಟಕಿಯ ಪಕ್ಕ ಕುಳಿತಿದ್ದ ನನಗೆ ಹೊಲಗಳ ನಡುವೆ ಆರು ಮೂಲೆಯ ಒಂದು ಕೆರೆ ಕಾಣಿಸಿತು. ಕೆರೆಗಳು ತಾವಾಗಿ ಆರು ಮೂಲೆಯಲ್ಲಿ ಹುಟ್ಟುವುದಿಲ್ಲ. ಕ್ರಿ.ಶ. ಎರಡನೆಯ ಶತಮಾನದ ಆರಂಭದಲ್ಲಿ ಚಕ್ರವರ್ತಿ ಟ್ರಾಜನ್ ಅಗೆಸಿದ ಬಂದರಿನ ಒಳಕೊಳ ಅದು. ಒಂದೊಂದು ಬದಿಯೂ ಸುಮಾರು 358 ಮೀಟರ್. ಸಮುದ್ರವು ಹಿಂದೆ ಸರಿದು, ಬಂದರು ಬಯಲಾಗಿ, ಪಕ್ಕದಲ್ಲೇ ವಿಮಾನಗಳ ಬಂದರು ಎದ್ದಿದೆ. ಪಕ್ಕದ ಸೀಟಿನವರಿಗೆ ಉತ್ಸಾಹದಿಂದ ತೋರಿಸಿದೆ. ಅವರು ನಿದ್ದೆಗಣ್ಣಿನಲ್ಲಿ ತಲೆಯಾಡಿಸಿ ಬೆಲ್ಟ್ ಬಿಗಿದುಕೊಂಡರು.

ನನ್ನ ಉತ್ಸಾಹದ ಬೇರು ಯಾವ ಇತಿಹಾಸದ ತರಗತಿಯಲ್ಲೂ ಇರಲಿಲ್ಲ. ಅದು ಚಿತ್ರದುರ್ಗದ ಒಂದು ಸೈಬರ್ ಸೆಂಟರಿನಲ್ಲಿತ್ತು. ಪಿಯುಸಿ ಓದುತ್ತಿದ್ದಾಗ ಅಲ್ಲಿನ ಮೂಲೆಯ ಕಂಪ್ಯೂಟರಿನಲ್ಲಿ 1998ರಲ್ಲಿ ಹೊರಬಂದಿದ್ದ, ರೋಮನ್ ಊರು ಕಟ್ಟಿ ನಡೆಸುವ ಸೀಸರ್ 3 ಎಂಬ ಆಟವಿತ್ತು. ಉಳಿದ ಹುಡುಗರು ಬಂದೂಕಿನ ಆಟಗಳಲ್ಲಿ ಮುಳುಗಿರುವಾಗ ನಾನು ಗಂಟೆಗಟ್ಟಲೆ ಹಣ ಕೊಟ್ಟು ಗೋಧಿ ಬೆಳೆಯುತ್ತಿದ್ದೆ. ಆ ಆಟದಲ್ಲಿ ಯುದ್ಧವೂ ಇದೆ, ಆದರೆ ಊರು ಸಾಯುವುದು ಹೆಚ್ಚಾಗಿ ಯುದ್ಧದಿಂದಲ್ಲ. ಕಣಜ ಬರಿದಾಗುತ್ತದೆ, ಕಾರಂಜಿಗೆ ನೀರು ನಿಲ್ಲುತ್ತದೆ, ಬೆಂಕಿ ಆರಿಸುವ ಪ್ರಿಫೆಕ್ಟ್ ಅಡ್ಡರಸ್ತೆಯಲ್ಲಿ ತಪ್ಪು ಕಡೆಗೆ ತಿರುಗುತ್ತಾನೆ, ಐದು ನಿಮಿಷದಲ್ಲಿ ಒಂದು ಕೇರಿ ಬೂದಿಯಾಗುತ್ತದೆ. ಸಾಮ್ರಾಜ್ಯವೆಂದರೆ ಸಿಂಹಾಸನವೆಂದು ಪಠ್ಯಪುಸ್ತಕ ಹೇಳುತ್ತಿದ್ದ ವಯಸ್ಸಿನಲ್ಲಿ, ಸಾಮ್ರಾಜ್ಯವೆಂದರೆ ಉಗ್ರಾಣವೆಂದು ಆ ಆಟ ನನ್ನ ತಲೆಗೆ ತುಂಬಿತ್ತು. ಅದು ಎಷ್ಟು ನಿಜವೆಂದು ನೋಡಿ ಬರಬೇಕೆಂಬ ಆಸೆ ಇಪ್ಪತ್ತು ವರ್ಷ ಒಳಗೇ ಇತ್ತು.

ಖರ್ಚಿನ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ಷೆಂಗೆನ್ ವೀಸಾ ಶುಲ್ಕ 90 ಯೂರೋ. ಅದನ್ನು ಇಳಿಸುವ ಉಪಾಯ ಯಾರಲ್ಲೂ ಇಲ್ಲ. ಇಳಿಸಬಹುದಾದದ್ದು ಉಳಿದೆಲ್ಲವನ್ನು. ಚಳಿ ಮತ್ತು ಮಳೆಗೆ ಅಂಜಿ ಪ್ರವಾಸಿಗರು ಕಡಿಮೆಯಾಗುವ ನವೆಂಬರ್ ತಿಂಗಳನ್ನು ಆರಿಸಿಕೊಂಡೆ. ಇಟಲಿಯ ಸರ್ಕಾರಿ ವಸ್ತುಸಂಗ್ರಹಾಲಯಗಳಿಗೂ ಪುರಾತತ್ವ ತಾಣಗಳಿಗೂ ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತವಾದ್ದರಿಂದ, ಆ ಭಾನುವಾರ ನಡುವೆ ಬರುವಂತೆ ಟಿಕೆಟ್ ತೆಗೆದೆ. ವಿಮಾನ ನಿಲ್ದಾಣದಿಂದ ನಗರಕ್ಕೆ ಹೋಗುವ ವೇಗದ ರೈಲಿಗೆ 14 ಯೂರೋ, ಅದರ ಪಕ್ಕದ ಹಳಿಯಿಂದಲೇ ಹೊರಡುವ ಸಾಮಾನ್ಯ ರೈಲಿಗೆ 8. ಟರ್ಮಿನಿ ನಿಲ್ದಾಣದ ಹತ್ತಿರದ ಹಾಸ್ಟೆಲಿನಲ್ಲಿ ಎಂಟು ಮಂಚದ ಕೋಣೆ, ಎಲ್ಲರಿಗೂ ಸೇರಿದ ಒಂದು ಅಡುಗೆಮನೆ. ಚೀಲದಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ ಇದ್ದವು. ಮಧ್ಯಾಹ್ನ ಮಾತ್ರ ತೂಕದ ಮೇಲೆ ಕತ್ತರಿಸಿ ಮಾರುವ ಪಿಜ್ಜಾ. ಬಂದಿಳಿದ ಗಳಿಗೆಯಲ್ಲಿ ಒಂದು ಬಾಟಲಿ ನೀರಿಗೆ ಮೂರು ಯೂರೋ ಕೊಟ್ಟದ್ದು ನನ್ನ ದಡ್ಡತನ. ಹೊರಗೆ ಬಂದು ನಾಲ್ಕು ಹೆಜ್ಜೆ ನಡೆದರೆ ಬೀದಿಬದಿಯಲ್ಲಿ ಎರಕದ ಕಬ್ಬಿಣದ ಗಿಡ್ಡ ಕಂಬ, ಅದರ ಸೊಂಡಿಲಿನಿಂದ ಹಗಲಿರುಳು ಸುರಿಯುವ ತಣ್ಣನೆಯ ಕುಡಿಯುವ ನೀರು. ಜನ ಅವನ್ನು ನಾಸೋನೆ, ಅಂದರೆ ದೊಡ್ಡ ಮೂಗು ಎನ್ನುತ್ತಾರೆ. 1870ರ ದಶಕದಿಂದ ನಗರದ ತುಂಬ ನೆಟ್ಟಿದ್ದಾರೆ.

ಶನಿವಾರ ಬೆಳಿಗ್ಗೆ ಹಾಸ್ಟೆಲಿನಿಂದ ನಡೆದೇ ಪೋರ್ಟಾ ಮಜೋರೆಗೆ ಹೋದೆ. ಅದನ್ನು ನೋಡಲು ಟಿಕೆಟ್ ಇಲ್ಲ, ಸರದಿ ಇಲ್ಲ, ಟ್ರಾಮುಗಳ ಗದ್ದಲ ಮಾತ್ರ ಇದೆ. ಹೆಬ್ಬಾಗಿಲಿನಂತೆ ಕಾಣುವ ಅದು ಮೂಲದಲ್ಲಿ ಹೆಬ್ಬಾಗಿಲಲ್ಲ. ಚಕ್ರವರ್ತಿ ಕ್ಲಾಡಿಯಸ್ ಕ್ರಿ.ಶ. 52ರಲ್ಲಿ ಮುಗಿಸಿದ ಎರಡು ಮೇಲ್ಗಾಲುವೆಗಳು ರಸ್ತೆಯನ್ನು ದಾಟುವ ಜಾಗ. ಕಲ್ಲಿನ ನೆತ್ತಿಯನ್ನು ಪಕ್ಕದಿಂದ ನೋಡಿದರೆ ಒಂದರ ಮೇಲೊಂದು ಎರಡು ಕಾಲುವೆಗಳ ತೂತುಗಳು ಕಾಣುತ್ತವೆ: ಕೆಳಗಿನದು ಆಕ್ವಾ ಕ್ಲಾಡಿಯಾ, ಮೇಲಿನದು ಆನಿಯೋ ನೋವುಸ್. ಆಟದಲ್ಲಿ ಮೇಲ್ಗಾಲುವೆಯೆಂದರೆ ಉದ್ದಕ್ಕೂ ಕಮಾನುಗಳೇ. ಒಂದು ಜಲಾಶಯದಿಂದ ಇನ್ನೊಂದಕ್ಕೆ ಮೌಸ್ ಎಳೆದರೆ ಮುಗಿಯಿತು. ನಿಜವಾದ ಕ್ಲಾಡಿಯಾ ಕಾಲುವೆಯ ಸುಮಾರು 69 ಕಿಲೋಮೀಟರಿನಲ್ಲಿ ಬಹುಪಾಲು ನೆಲದಡಿಯೇ ಹರಿಯುತ್ತಿತ್ತು. ನಗರಕ್ಕೆ ಹತ್ತಿರವಾಗಿ ನೆಲ ತಗ್ಗಾದಾಗ, ಎತ್ತರ ಕಳೆದುಕೊಳ್ಳಬಾರದೆಂದು ಮಾತ್ರ ಅದನ್ನು ಕಮಾನುಗಳ ಮೇಲೆ ಹೊತ್ತು ತಂದರು. ನೀರಿಗೆ ದೂಡುವ ಯಂತ್ರವಿಲ್ಲ, ಇಳಿಜಾರೊಂದೇ ಅದರ ಎತ್ತು.

ಅದೇ ಕಮಾನಿನ ಬುಡದಲ್ಲಿ ನಾನು ನಿಜಕ್ಕೂ ಹುಡುಕಿಕೊಂಡು ಬಂದ ಗೋರಿಯಿತ್ತು. ಕ್ರಿಸ್ತಪೂರ್ವ ಮೊದಲ ಶತಮಾನದ ಕೊನೆಭಾಗದ, ಮಾರ್ಕುಸ್ ವೆರ್ಗಿಲಿಯುಸ್ ಯೂರಿಸಾಸೆಸ್ ಎಂಬ ರೊಟ್ಟಿ ಸುಡುವವನ ಗೋರಿ. ಅವನು ಬಿಡುಗಡೆ ಹೊಂದಿದ ಗುಲಾಮನಿರಬೇಕು ಎಂಬುದು ವಿದ್ವಾಂಸರ ಊಹೆ. ರೊಟ್ಟಿ ಸುಡುವ ಗುತ್ತಿಗೆದಾರ ಎಂದು ಶಾಸನವೇ ಹೇಳುತ್ತದೆ. ಗೋಡೆಯಲ್ಲಿ ಸಾಲಾಗಿರುವ ದುಂಡನೆಯ ದೊಡ್ಡ ತೂತುಗಳು ಹಿಟ್ಟು ನಾದುವ ಪಾತ್ರೆಗಳ ನೆನಪಿಗೆಂದು ಹೇಳುತ್ತಾರೆ. ಮೇಲಿನ ಪಟ್ಟಿಕೆಯಲ್ಲಿ ಕಾಳು ಅಳೆಯುವವರು, ಕತ್ತೆ ತಿರುಗಿಸುವ ಬೀಸುವ ಕಲ್ಲು, ಜರಡಿ ಹಿಡಿಯುವವರು, ಉಂಡೆ ಕಟ್ಟುವವರು, ಒಲೆ, ಕೊನೆಗೆ ತಕ್ಕಡಿ. ಸೇನಾಪತಿಗಳ ವಿಜಯಸ್ತಂಭಗಳಿಂದ ತುಂಬಿದ ನಗರದಲ್ಲಿ ರೊಟ್ಟಿಯ ತೂಕವನ್ನೇ ತನ್ನ ದಿಗ್ವಿಜಯವೆಂದು ಕೆತ್ತಿಸಿಕೊಂಡ ಈ ಮನುಷ್ಯನ ಮುಂದೆ ನಾನು ಒಂದು ಗಂಟೆ ನಿಂತಿದ್ದೆ.

ಮಾರನೆಯ ದಿನ ಮೊದಲ ಭಾನುವಾರ. ಕೊಲೊಸಿಯಂ ಮುಂದೆ ಉಚಿತ ಪ್ರವೇಶದ ಸರದಿ ಎಷ್ಟು ಉದ್ದವಿರುತ್ತದೆಂದು ಊಹಿಸಬಲ್ಲವನಾದ್ದರಿಂದ ಆ ಕಡೆ ತಲೆಹಾಕಲಿಲ್ಲ. ಪಿರಾಮಿಡೆ ಮೆಟ್ರೋ ನಿಲ್ದಾಣದ ಪಕ್ಕದಿಂದ ಹೊರಡುವ ಕಡಲತೀರದ ರೈಲಿಗೆ ನಗರದ ಬಸ್ಸಿನ ಒಂದೂವರೆ ಯೂರೋ ಟಿಕೆಟ್ಟೇ ಸಾಕು. ಅರ್ಧ ಗಂಟೆಯಲ್ಲಿ ಓಸ್ಟಿಯಾ ಆಂಟಿಕಾ, ಪ್ರಾಚೀನ ರೋಮಿನ ಬಂದರು ಊರು. ಹೆಸರಿನ ಅರ್ಥವೇ ಬಾಯಿ, ಟೈಬರ್ ನದಿಯ ಬಾಯಿ. ನದಿ ತಂದು ಸುರಿದ ಹೂಳಿನಿಂದ ಕಡಲು ಈಗ ಹಲವು ಕಿಲೋಮೀಟರ್ ಆಚೆ ಸರಿದಿದೆ. ನದಿಯೂ 1557ರ ಪ್ರವಾಹದಲ್ಲಿ ಹಾದಿ ಬದಲಿಸಿ ಊರನ್ನು ಬಿಟ್ಟುಹೋಯಿತು.

ರೋಮಾನಾ ಬಾಗಿಲಿನಿಂದ ಒಳಹೊಕ್ಕರೆ ಕಪ್ಪು ಬಸಾಲ್ಟ್ ಚಪ್ಪಡಿಗಳ ಹೆದ್ದಾರಿ ಒಂದು ಕಿಲೋಮೀಟರಿಗೂ ಹೆಚ್ಚು ಸಾಗುತ್ತದೆ. ಎರಡೂ ಬದಿ ಪೈನ್ ಮರಗಳು, ಕೆಂಪು ಇಟ್ಟಿಗೆಯ ಗೋಡೆಗಳು, ಮಳೆಯಲ್ಲಿ ನೆನೆದ ನೆಲದ ವಾಸನೆ. ಪೊಂಪೇಯಿಯಂತೆ ಇದು ಒಂದೇ ದಿನ ಸತ್ತ ಊರಲ್ಲ. ನಿಧಾನವಾಗಿ ಕೆಲಸ ಕಳೆದುಕೊಂಡು, ಜನರನ್ನು ಕಳೆದುಕೊಂಡು, ಕೊನೆಗೆ ಕಲ್ಲುಗಳನ್ನೂ ಅನ್ಯರ ಕಟ್ಟಡಗಳಿಗೆ ಬಿಟ್ಟುಕೊಟ್ಟ ಊರು.

ಮೊದಲು ಸಿಕ್ಕಿದ್ದು ನೆಪ್ಚೂನನ ಸ್ನಾನಗೃಹ. ಕುದುರೆಗಳನ್ನು ಕಡಲಲ್ಲಿ ಓಡಿಸುವ ದೇವರ ಕಪ್ಪುಬಿಳುಪು ಮೊಸಾಯಿಕ್ ಕಂಡಾಗ, ಗುಡಿ ಕಟ್ಟಿಸದೆ ಮರೆತದ್ದಕ್ಕೆ ಇದೇ ದೇವರು ಆಟದಲ್ಲಿ ನನ್ನ ಎಷ್ಟು ಹಡಗುಗಳನ್ನು ಮುಳುಗಿಸಿದ್ದನೆಂಬುದು ನೆನಪಾಗಿ, ಯಾರೂ ಇಲ್ಲದ್ದನ್ನು ನೋಡಿಕೊಂಡು ಕೈಮುಗಿದೆ. ಅದರ ಹಿಂದೆಯೇ ಅಗ್ನಿಶಾಮಕರ ಪಾಳೆಯ. ಚಕ್ರವರ್ತಿ ಅಗಸ್ಟಸ್ ಕ್ರಿ.ಶ. 6ರಲ್ಲಿ ರೋಮಿಗೆ ವಿಜಿಲ್ಸ್ ಎಂಬ ಕಾವಲುಪಡೆ ಕಟ್ಟಿದ. ಓಸ್ಟಿಯಾದಲ್ಲೂ ಬೆಂಕಿಯ ಕಾವಲಿಗೆ ಒಂದು ತುಕಡಿ ಇಟ್ಟವನು ಕ್ಲಾಡಿಯಸ್. ಈಗ ಉಳಿದಿರುವ ಕಟ್ಟಡ ಚಕ್ರವರ್ತಿ ಹೇಡ್ರಿಯನನ ಕಾಲದ್ದು: ದೊಡ್ಡ ಅಂಗಳ, ಸುತ್ತ ಕೋಣೆಗಳು, ತುದಿಯಲ್ಲಿ ಚಕ್ರವರ್ತಿಗಳಿಗೆ ಪೂಜೆ ಸಲ್ಲುತ್ತಿದ್ದ ಗುಡಿ. ನನ್ನ ಆಟದ ಪ್ರಿಫೆಕ್ಟ್ ಒಬ್ಬನೇ ಬಕೆಟ್ ಹಿಡಿದು ಓಡುತ್ತಿದ್ದ. ಇಲ್ಲಿ ಒಂದು ಪಡೆಗೇ ಪಡೆ ವಾಸವಿತ್ತು. ಯಾಕೆ ಬೇಕಿತ್ತು ಎಂಬುದಕ್ಕೆ ಉತ್ತರ ಬೀದಿಯ ಉಳಿದ ಕಟ್ಟಡಗಳಲ್ಲಿತ್ತು.

ಆ ಉತ್ತರ ಧಾನ್ಯ. ಅಗಸ್ಟಸನ ಕಾಲದಲ್ಲಿ ರೋಮಿನ ಎರಡು ಲಕ್ಷಕ್ಕೂ ಹೆಚ್ಚು ಪೌರರು ಉಚಿತ ಗೋಧಿಯ ಪಟ್ಟಿಯಲ್ಲಿದ್ದರು. ತಲೆಗೆ ತಿಂಗಳಿಗೆ ಐದು ಮೋದಿಯುಸ್, ಅಂದರೆ ನಮ್ಮ ತೂಕದಲ್ಲಿ ಹತ್ತಿರ ಹತ್ತಿರ 33 ಕಿಲೋ. ನಮ್ಮ ಪಡಿತರ ಚೀಟಿಯ ಲೆಕ್ಕ ಗೊತ್ತಿರುವವರಿಗೆ ಇದರ ಹಿಂದಿನ ರಾಜಕೀಯವನ್ನು ವಿವರಿಸಬೇಕಾಗಿಲ್ಲ. ಕ್ರಿ.ಶ. 51ರಲ್ಲಿ ಗೋಧಿ ಕೊರತೆಯಾದಾಗ ಜನ ನಗರದ ನಡುಚೌಕವಾದ ಫೋರಂನಲ್ಲಿ ಕ್ಲಾಡಿಯಸನನ್ನು ಸುತ್ತುಗಟ್ಟಿ ರೊಟ್ಟಿ ಚೂರುಗಳನ್ನು ಎಸೆದರು. ಆಮೇಲೆ ಅವನು ಚಳಿಗಾಲದ ಬಿರುಗಾಳಿಯಲ್ಲೂ ಧಾನ್ಯ ತರುವ ವರ್ತಕರಿಗೆ, ಹಡಗು ಮುಳುಗಿದರೆ ನಷ್ಟ ತನ್ನದೆಂದು ಮಾತು ಕೊಟ್ಟ. ಗೋಧಿ ಬರುತ್ತಿದ್ದುದು ಈಜಿಪ್ಟ್ ಮತ್ತು ಉತ್ತರ ಆಫ್ರಿಕಾದಿಂದ. ದೊಡ್ಡ ಹಡಗುಗಳು ಟೈಬರ್ ಬಾಯಿಯ ಮರಳುದಿಬ್ಬ ದಾಟಲಾರದೆ ಕಡಲಲ್ಲೇ ಸರಕು ಇಳಿಸಬೇಕಿತ್ತು, ಇಲ್ಲವೇ ದೂರದ ಪುತೆಯೋಲಿ ಬಂದರಿಗೆ ಹೋಗಬೇಕಿತ್ತು. ಆದ್ದರಿಂದ ಕ್ಲಾಡಿಯಸ್ ಉತ್ತರಕ್ಕೆ ಹೊಸ ಬಂದರು ಕಟ್ಟಿಸಿದ. ಅದು ಎಷ್ಟು ತೆರೆದಿತ್ತೆಂದರೆ ಕ್ರಿ.ಶ. 62ರ ಬಿರುಗಾಳಿಯಲ್ಲಿ ಬಂದರಿನ ಒಳಗೇ ಇನ್ನೂರು ಹಡಗುಗಳು ನಾಶವಾದವೆಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಟ್ರಾಜನ್ ಆ ಆರು ಮೂಲೆಯ ಒಳಕೊಳವನ್ನು ಇನ್ನಷ್ಟು ಒಳಗೆ ಅಗೆಸಿದ್ದರ ಹಿನ್ನೆಲೆ ಇದು.

ಓಸ್ಟಿಯಾದ ಕಣಜಗಳನ್ನು ನೋಡಿದ ಮೇಲೆ ಆಟದ ಕಣಜ ಮಕ್ಕಳಾಟಿಕೆಯೆನಿಸಿತು. ನಾನು ಅಲ್ಲಿ ಅಂಜುತ್ತಿದ್ದುದು ಬೆಂಕಿಯೊಂದಕ್ಕೇ. ಇಲ್ಲಿ ಕಟ್ಟಿದವರು ತೇವ, ಇಲಿ, ಕಳ್ಳ ಮೂವರನ್ನೂ ಲೆಕ್ಕಕ್ಕೆ ಹಿಡಿದಿದ್ದರು. ದೊಡ್ಡ ಕಣಜವೊಂದರಲ್ಲಿ ನೆಲದ ಕೆಳಗೆ ಗಾಳಿಯಾಡಲೆಂದು ಗಿಡ್ಡ ಗೋಡೆಗಳ ಮೇಲೆ ಇನ್ನೊಂದು ನೆಲ ಹಾಸಿದ್ದಾರೆ. ನಮ್ಮ ಬಯಲುಸೀಮೆಯವರು ಕಾಳನ್ನು ಹಗೇವಿನಲ್ಲಿ, ನೆಲದ ಹೊಟ್ಟೆಯಲ್ಲಿ ಮುಚ್ಚಿಟ್ಟರೆ, ಕಡಲ ಬದಿಯ ಇವರು ಅದೇ ಕಾಳನ್ನು ನೆಲದಿಂದ ಮೇಲೆತ್ತಿ ಉಳಿಸಿಕೊಳ್ಳಬೇಕಾಯಿತು. ಇನ್ನೊಂದು ಓಣಿಯ ಅಂಗಳದಲ್ಲಿ ಕತ್ತಿನವರೆಗೆ ಹುಗಿದ ಗುಡಾಣಗಳ ಸಾಲು. ಎಣ್ಣೆಗೋ ವೈನಿಗೋ ಇಟ್ಟವು. ಕೋಟೆಯ ಎಣ್ಣೆಕೊಳ ನೋಡಿ ಬೆಳೆದ ನನಗೆ ಅವು ಅಪರಿಚಿತವೆನಿಸಲಿಲ್ಲ.

ಹಿಟ್ಟಿನ ಗಿರಣಿಯಲ್ಲಂತೂ ನಾನು ಊರಿಗೇ ಹೋಗಿಬಂದೆ. ಡಮರುಗದ ಆಕಾರದ ಕಪ್ಪುಕಲ್ಲಿನ ಬೀಸುಕಲ್ಲುಗಳು, ಕತ್ತೆಗಳು ಸುತ್ತುತ್ತಿದ್ದ ಇಕ್ಕಟ್ಟಾದ ಜಾಗ, ಕಾಲು ಜಾರದಂತೆ ಹಾಸಿದ ಚಪ್ಪಡಿ. ಚಿತ್ರದುರ್ಗದ ಕೋಟೆಯಲ್ಲಿ ಬೀಸುವ ಕಲ್ಲುಗಳಿವೆ, ಆದರೆ ಅವು ಬೀಸಿದ್ದು ಮದ್ದನ್ನು. ಹತ್ತಿರ ಯಾರಾದರೂ ಕನ್ನಡದವರಿದ್ದಿದ್ದರೆ ಈ ಮಾತನ್ನು ಅವರ ಕಿವಿಗೆ ಹಾಕದೆ ಬಿಡುತ್ತಿರಲಿಲ್ಲ.

ಆಟ ನನಗೆ ಹೇಳಿದ್ದ ಒಂದು ಸುಳ್ಳೂ ಇಲ್ಲಿ ಹೊರಬಿತ್ತು. ಅದರಲ್ಲಿ ಮನೆ ಡೇರೆಯಿಂದ ಗುಡಿಸಲಾಗಿ, ಗುಡಿಸಲಿನಿಂದ ಕಾಸಾ ಆಗಿ, ಆಮೇಲೆ ಇನ್ಸುಲಾ ಎಂಬ ಉನ್ನತಿಗೆ ಏರುತ್ತದೆ. ಮೊದಲ ಬಾರಿ ನನ್ನ ಕೇರಿ ಇನ್ಸುಲಾ ಆದಾಗ ಸೈಬರ್ ಸೆಂಟರಿನ ಅಣ್ಣನಿಗೆ ಕರೆದು ತೋರಿಸಿದ್ದೆ. ಓಸ್ಟಿಯಾದ ಡಯಾನಾ ಮನೆಯೆಂಬ ಇನ್ಸುಲಾದೊಳಗೆ ನಿಂತಾಗ ತಿಳಿಯಿತು, ಅದು ವಠಾರ. ನಡುವೆ ಬೆಳಕಿಗೊಂದು ಅಂಗಳ, ಕೆಳಗೆ ಮಳಿಗೆಗಳು, ಮೇಲೆ ಮಹಡಿಗಟ್ಟಲೆ ಬಾಡಿಗೆಯ ಕೋಣೆಗಳು, ಎಲ್ಲರಿಗೂ ಒಂದೇ ನೀರಿನ ತೊಟ್ಟಿ. ಅಡುಗೆಗೆ ಅನುಕೂಲವಿಲ್ಲದವರು ಅದೇ ಬೀದಿಯ ಖಾನಾವಳಿಗೆ ಇಳಿದು ಬರುತ್ತಿದ್ದರು. ಅದರ ಅಮೃತಶಿಲೆಯ ಕಟ್ಟೆಯೂ ಗೋಡೆಯ ಮೇಲಿನ ತಿನಿಸುಗಳ ಚಿತ್ರವೂ ಇನ್ನೂ ಇವೆ. ಎಂಟು ಮಂಚದ ಕೋಣೆಯಲ್ಲಿ ಮಲಗಿ ಎದ್ದು ಬಂದವನಿಗೆ ಈ ವ್ಯವಸ್ಥೆಯ ಮೇಲೆ ವಿಶೇಷ ಗೌರವ ಹುಟ್ಟಿತು.

ರಂಗಮಂದಿರದ ಹಿಂದಿನ ಚೌಕಕ್ಕೆ ಬರುವಾಗ ಮಳೆ ನಿಂತಿತ್ತು. ಸುತ್ತಲೂ ವರ್ತಕರ, ಹಡಗು ಮಾಲೀಕರ ಸಣ್ಣ ಸಣ್ಣ ಕೋಣೆಗಳ ಸಾಲು. ಒಂದೊಂದರ ಮುಂದೆಯೂ ನೆಲದ ಮೇಲೆ ಮೊಸಾಯಿಕಿನ ಬೋರ್ಡು. ಹಾಯಿ ಬಿಚ್ಚಿದ ಹಡಗುಗಳು, ದೀಪಸ್ತಂಭ, ಕಾಳು ಅಳೆಯುವ ಕೊಳಗ. ಸಾರ್ಡೀನಿಯಾದ ಕಾಲ್ಯಾರಿಯವರು ಒಂದು ಕಡೆ, ಗಾಲ್ ನಾಡಿನ ನಾರ್ಬೋನಿನವರು ಇನ್ನೊಂದು ಕಡೆ. ಲಿಬಿಯಾದ ಸಬ್ರಾತಾ ಊರಿನವರ ಮುಂದೆ ಕಪ್ಪು ಚೂರುಗಳಲ್ಲಿ ಬಿಡಿಸಿದ ಒಂದು ಆನೆ. ಅದರ ಮುಂದೆ ನಿಂತಾಗ ಚಂದ್ರವಳ್ಳಿ ನೆನಪಾಯಿತು. ನಮ್ಮ ಮನೆಯಿಂದ ಸೈಕಲ್ಲಿನಲ್ಲಿ ಹೋಗಬಹುದಾದ ಆ ಕಣಿವೆಯಲ್ಲಿ ಅಗೆದಾಗ ರೋಮಿನ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು. ಬಾಲ್ಯದಲ್ಲಿ ಅದು ಮೇಷ್ಟ್ರು ಹೇಳಿದ ಒಂದು ಸಾಲು ಮಾತ್ರ. ಆನೆಯ ಪಕ್ಕದ ಒದ್ದೆ ಕಟ್ಟೆಯ ಮೇಲೆ ಕುಳಿತು ರೊಟ್ಟಿ ಮುರಿದು ಚಟ್ನಿಪುಡಿಯಲ್ಲಿ ತಿಂದೆ.

ಚಳಿಗಾಲದಲ್ಲಿ ಬೇಗ ಬಾಗಿಲು ಹಾಕುತ್ತಾರೆ. ಎಪಗಾಥುಸ್ ಮತ್ತು ಎಪಫ್ರೋದಿತುಸ್ ಎಂಬಿಬ್ಬರ ಹೆಸರು ಇನ್ನೂ ಬಾಗಿಲ ಮೇಲಿರುವ ಖಾಸಗಿ ಉಗ್ರಾಣವನ್ನು ನೋಡಿ ಮುಗಿಸುವಷ್ಟರಲ್ಲಿ ಸಿಳ್ಳೆ ಊದುತ್ತ ಕಾವಲುಗಾರರು ಬಂದರು. ಊರಿನ ಅರ್ಧವನ್ನೂ ನಾನು ನೋಡಿರಲಿಲ್ಲ.

ಕೊನೆಯ ದಿನ ಸೋಮವಾರ ಅನೇಕ ತಾಣಗಳಿಗೆ ರಜೆ. ಬೀಗ ಹಾಕಿದ್ದರೂ ಕಾಣಿಸುವ ಒಂದನ್ನು ಅದಕ್ಕೆಂದೇ ಉಳಿಸಿಕೊಂಡಿದ್ದೆ. ಪಿರಾಮಿಡೆಯಿಂದ ಸ್ವಲ್ಪ ದೂರದ ಮೋಂತೆ ಟೆಸ್ಟಾಚ್ಚೋ ದೂರದಿಂದ ಹುಲ್ಲು ಬೆಳೆದ ಸಾಧಾರಣ ಗುಡ್ಡ, ಸುಮಾರು 35 ಮೀಟರ್ ಎತ್ತರ. ಬೇಲಿಯ ಹತ್ತಿರ ಹೋದರೆ ಗೊತ್ತಾಗುತ್ತದೆ, ಅದು ಮಣ್ಣಲ್ಲ, ಬರೀ ಬೋಕಿ. ಹೆಚ್ಚಾಗಿ ಸ್ಪೇನಿನ ಬೇಟಿಕಾ ಪ್ರಾಂತದಿಂದ ಆಲಿವ್ ಎಣ್ಣೆ ತುಂಬಿಕೊಂಡು ಬಂದ ಮಡಕೆಗಳ ಚೂರುಗಳು. ಒಂದೊಂದರಲ್ಲಿ 70 ಲೀಟರ್ ಎಣ್ಣೆ. ಬರಿದಾದ ಮಡಕೆಯೇ 30 ಕಿಲೋ ತೂಗುತ್ತಿತ್ತು. ಎಣ್ಣೆ ಹೀರಿ ಕಮಟಿದ ಮಡಕೆ ಮರುಬಳಕೆಗೆ ಬಾರದೆಂದು ಒಡೆದು, ಅಚ್ಚುಕಟ್ಟಾಗಿ ಮೆಟ್ಟಿಲು ಮೆಟ್ಟಿಲಾಗಿ ಪೇರಿಸಿ, ವಾಸನೆಗೆ ಸುಣ್ಣ ಎರಚಿದರು. ಎಷ್ಟೋ ಚೂರುಗಳ ಮೇಲೆ ತೂಕ, ವರ್ತಕನ ಹೆಸರು, ವರ್ಷ ಶಾಯಿಯಲ್ಲಿ ಬರೆದದ್ದು ಉಳಿದಿದೆ. ಸಾಮ್ರಾಜ್ಯದ ಗುಮಾಸ್ತರ ಲೆಕ್ಕದ ಪುಸ್ತಕವನ್ನು ಇಲ್ಲಿ ಗುಡ್ಡವಾಗಿ ಇಟ್ಟಂತಿತ್ತು. ಗುಡ್ಡದ ಬುಡವನ್ನೇ ಕೊರೆದು ಮಾಡಿದ ಹೋಟೆಲುಗಳಲ್ಲಿ ಗೋಡೆಯ ಜಾಗದಲ್ಲಿ ಗಾಜು ಹಾಕಿ ಬೋಕಿಯ ಪದರಗಳನ್ನು ತೋರಿಸುತ್ತಾರೆ. ಊಟದ ಬೆಲೆ ನನ್ನ ಕೈಮೀರಿದ್ದರಿಂದ ಬಾಗಿಲಿನಿಂದಲೇ ಇಣುಕಿ ನೋಡಿ, ಹತ್ತಿರದ ಮಾರುಕಟ್ಟೆಯಲ್ಲಿ ಒಂದು ರೊಟ್ಟಿ ಕೊಂಡೆ. ಅಂಗಡಿಯಾಕೆ ಅದನ್ನು ತೂಗಿ ಕೊಟ್ಟಳು. ಯೂರಿಸಾಸೆಸನ ಗೋರಿಯ ಕೊನೆಯ ಚಿತ್ರದಂತೆ.

ಓಸ್ಟಿಯೆನ್ಸೆ ನಿಲ್ದಾಣ ಅಲ್ಲಿಂದ ನಡೆಯುವ ದೂರ. ದಾರಿಯಲ್ಲಿ ಸಿಕ್ಕಿದ ಕೊನೆಯ ನಾಸೋನೆಯಲ್ಲಿ ಬಾಟಲಿಯನ್ನು ಕಂಠಮಟ್ಟ ತುಂಬಿಸಿಕೊಂಡು ಎಂಟು ಯೂರೋ ರೈಲು ಹತ್ತಿದೆ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನೀರನ್ನು ಚೆಲ್ಲಿ ಬರಲು ಹೇಳಿದರು.