ಆ ಹಳದಿ ದೀಪ

ಲಗ್ನಪತ್ರಿಕೆ ಡಿಸೈನ್ ಮಾಡುವುದು ನನ್ನ ಕೆಲಸ. ಏಪ್ರಿಲ್ ಬಂತೆಂದರೆ ವಿಜಯಪುರದಲ್ಲಿ ಬಿಸಿಲೂ ಜಾಸ್ತಿ, ಮದುವೆಗಳೂ ಜಾಸ್ತಿ. ಸರಿಯಾಗಿ ಆ ಹೊತ್ತಿಗೇ ಹಳೆಯ ಪಿಸಿ ಕೈಕೊಟ್ಟಿತು. ನಾನೇ ಜೋಡಿಸಿದರೆ ನಾಲ್ಕು ದುಡ್ಡು ಉಳಿಯುತ್ತೆ ಅಂತ ಬಿಡಿ ಸಾಮಾನು ತರಿಸಿದೆ. ರೈಜೆನ್ 5 7600 ಪ್ರೊಸೆಸರ್, ಎಲ್ಲವನ್ನೂ ಕೂರಿಸುವ ಬಿ650 ಬೋರ್ಡ್, ಮೆಮೊರಿಗೆ 16 ಜಿಬಿಯ ಎರಡು ಡಿಡಿಆರ್5 ರ‍್ಯಾಮ್. ಈ ಪ್ರೊಸೆಸರ್ ಒಳಗೇ ಪುಟ್ಟ ಗ್ರಾಫಿಕ್ಸ್ ಇದೆ, ಬೇರೆ ಕಾರ್ಡ್ ಬೇಕಿಲ್ಲ. ಪತ್ರಿಕೆಯ ಗಣಪತಿಗೆ ಅಷ್ಟು ಸಾಕು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕೂತವನು ಹನ್ನೆರಡೂವರೆಗೆ ಮುಗಿಸಿದೆ. ಊದಿನಕಡ್ಡಿ ಹಚ್ಚಿ ಬಟನ್ ಒತ್ತಿದೆ. ಸದ್ದೇ ಇಲ್ಲ. ಎಸ್‌ಎಂಪಿಎಸ್ ಅನ್ನುವ ಕರೆಂಟಿನ ಡಬ್ಬಿಯ ಹಿಂದಿನ ಸ್ವಿಚ್ ಹಾಕಿರಲಿಲ್ಲ. ಇದನ್ನು ಯಾರಿಗೂ ಹೇಳಬೇಡಿ.

ಸ್ವಿಚ್ ಹಾಕಿದ ಮೇಲೆ ಫ್ಯಾನ್ ತಿರುಗಿತು. ಮಾನಿಟರ್ ಮಾತ್ರ ಕಪ್ಪು. ಬೋರ್ಡಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ನಾಲ್ಕು ದೀಪಗಳಿವೆ: ಸಿಪಿಯು, ಡ್ರ್ಯಾಮ್, ವಿಜಿಎ, ಬೂಟ್. ಎಲ್ಲಿ ತೊಂದರೆಯೋ ಆ ದೀಪ ಉರಿಯುತ್ತೆ ಅಂತ ತಿಳಿದಿದ್ದೆ. ನನ್ನದರಲ್ಲಿ ಡ್ರ್ಯಾಮ್, ಅಂದರೆ ಮೆಮೊರಿಯ ದೀಪ, ಹಳದಿಯಾಗಿ ಉರಿಯುತ್ತಿತ್ತು. ಒಂದು ನಿಮಿಷ ನೋಡಿದೆ. ಆಫ್ ಮಾಡಿದೆ.

ಎಲ್‌ಬಿಎಸ್ ಮಾರ್ಕೆಟ್ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡುವ ಮಾವನಿಗೆ ಫೋನ್ ಹಚ್ಚಿದೆ.

"ರ‍್ಯಾಮ್ ತಗದು ರಬ್ಬರ್ ಹಚ್ಚಿ ತಿಕ್ಕು."

"ಮಾವ, ಹೊಸಾದು ಐತಿ!"

"ಹೊಸಾದಿದ್ರೇನು? ತಿಕ್ಕು."

ತಿಕ್ಕಿದೆ. ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ, ನಾಲ್ಕನೇ ಸ್ಲಾಟಿಗೇ ಹಾಕಿದ್ದೇನಾ ಅಂತ ಮತ್ತೆ ನೋಡಿದೆ. ಟಕ್ ಅನ್ನುವವರೆಗೆ ಒತ್ತಿದೆ. ಹಳದಿ. ಆಫ್. ಪ್ರೊಸೆಸರಿನ ಎಂಟು ಪಿನ್ ವೈರ್ ಕಿತ್ತು ಹಾಕಿದೆ. ಹಳದಿ. ಆಫ್. ನಾಣ್ಯದಂಥ ಸಿಆರ್2032 ಸೆಲ್ ತೆಗೆದು, ಬೋರ್ಡಿನ ಮೂಲ ಸೆಟ್ಟಿಂಗ್ ಇರುವ ಬಯಾಸ್ ರೀಸೆಟ್ ಮಾಡಿ ಹಾಕಿದೆ. ಅದೇ ಹಳದಿ. ಕೊನೆಗೆ ಕ್ಯಾಬಿನೆಟ್ಟಿನ ತಗಡಿಗೆ ಎಲ್ಲಾದರೂ ತಾಗುತ್ತಿದೆಯೇನೋ ಅಂತ ಇಡೀ ಬೋರ್ಡನ್ನೇ ಬಿಚ್ಚಿ ರಟ್ಟಿನ ಡಬ್ಬಿ ಮೇಲಿಟ್ಟೆ. ಒಂದೇ ರ‍್ಯಾಮ್ ಇಟ್ಟು, ಪವರ್ ಬಟನ್ನಿನ ಎರಡು ಪಿನ್ನಿಗೆ ಸ್ಕ್ರೂಡ್ರೈವರ್ ತುದಿ ಮುಟ್ಟಿಸಿದೆ. ಬೆವರು ಬೋರ್ಡ್ ಮೇಲೆ ಬೀಳದ ಹಾಗೆ ಹೆಗಲ ಮೇಲೊಂದು ಟವೆಲ್.

ಫ್ಯಾನ್ ತಿರುಗಿತು. ಹಳದಿ ಹತ್ತಿತು. ಅಷ್ಟರಲ್ಲಿ ಒಳಗಿಂದ ಅವ್ವ, "ಯಪ್ಪಾ, ರೊಟ್ಟಿ ಆರಲಾಕತ್ಯಾವ. ಅದೇನು ಓಡಿ ಹೋಗ್ತೈತೇನು?" ಅಂದಳು. ಸಿಟ್ಟಿನಲ್ಲಿ ಆಫ್ ಮಾಡುವುದನ್ನೂ ಮರೆತು ಎದ್ದೆ. ಎಣ್ಣೆಗಾಯಿ ಇತ್ತು. ಮೂರು ರೊಟ್ಟಿ ತಿಂದೆ.

ಕೈ ತೊಳೆದು ಬಂದರೆ ಮಾನಿಟರಿನಲ್ಲಿ ಬಯಾಸ್ ಪುಟ ಬಂದು ಕೂತಿದೆ! ರ‍್ಯಾಮ್ 16 ಜಿಬಿ ಅಂತ ತೋರಿಸುತ್ತಿದೆ.

ಆಗ ಓದಿ ತಿಳಿದದ್ದು. ಡಿಡಿಆರ್5 ಬಲು ವೇಗದ್ದು. ಹಾಗಾಗಿ ಮೊದಲ ಸಲ ಆನ್ ಮಾಡಿದಾಗ ಬೋರ್ಡು ಪ್ರತಿ ತಂತಿಯ ಸಮಯ, ವೋಲ್ಟೇಜನ್ನು ಪರೀಕ್ಷೆ ಮಾಡಿ ಹೊಂದಿಸಿಕೊಳ್ಳುತ್ತೆ. ಇದಕ್ಕೆ ಮೆಮೊರಿ ಟ್ರೈನಿಂಗ್ ಅನ್ನುತ್ತಾರೆ. ಕೆಲವು ನಿಮಿಷ ಬೇಕು. ಅಲ್ಲಿಯವರೆಗೆ ಪರದೆ ಕಪ್ಪು, ದೀಪ ಹಳದಿ. ಭಜನೆಗೆ ಮುಂಚೆ ತಬಲಾದವರು ಸುತ್ತಿಗೆಯಿಂದ ಟಕ್ ಟಕ್ ಅಂತ ಶ್ರುತಿ ಕೂಡಿಸ್ತಾರಲ್ಲ, ಹಾಗೆ. ನಾನು ಪ್ರತಿ ಸಲ ಅರ್ಧಕ್ಕೇ ತಬಲಾ ಕಸಿದುಕೊಂಡಿದ್ದೆ. ಸೆಲ್ ಕಿತ್ತದ್ದು, ರ‍್ಯಾಮ್ ಬದಲಿಸಿದ್ದು ಎಲ್ಲಾ ಇನ್ನೂ ಕೆಟ್ಟದ್ದು. ಪಾಪ, ಅದು ಮತ್ತೆ ಮೊದಲಿಂದ ಶುರು ಮಾಡಬೇಕು.

ಎರಡನೇ ರ‍್ಯಾಮ್ ಹಾಕಿದಾಗ ಮತ್ತೆ ಕಪ್ಪು. ಈ ಸಲ ಕೈ ಕಟ್ಟಿಕೊಂಡು ಕೂತೆ. ಬಂತು. 32 ಜಿಬಿ.

ಕಸ ಗುಡಿಸುವಾಗ ಅಂಗಾಲಿಗೆ ಏನೋ ಅಂಟಿತು. ಬೆಳಿಗ್ಗೆ ರ‍್ಯಾಮ್ ಸ್ಲಾಟ್ ಮೇಲಿಂದ ನಾನೇ ಕಿತ್ತೆಸೆದ ಸ್ಟಿಕ್ಕರ್. ಮೊದಲ ಸಲ ಇಷ್ಟು ಹೊತ್ತು ಕಾಯಿರಿ ಅಂತ ಅದರಲ್ಲಿ ಚೆನ್ನಾಗಿ ಕೋಷ್ಟಕ ಹಾಕಿ ಬರೆದಿದ್ದರು.

ಸಂಜೆ ಮಾವನ ಫೋನ್.

"ಬಂತೇನು?"

"ಬಂತು ಮಾವ."

"ರಬ್ಬರ್ ಹಚ್ಚಿದ್ದ್ಯಾ?"

"ಹಚ್ಚಿದ್ದೆ, ಆದ್ರ..."

"ನೋಡು, ನಾ ಹೇಳಲಿಲ್ಲೇನು!"