ಬೈಬಲ್‌ನಲ್ಲಿಲ್ಲದ ಸುವಾರ್ತೆಗಳನ್ನು ಚರ್ಚು ಬಚ್ಚಿಟ್ಟಿತ್ತೇ?

ಆರಂಭಕಾಲದ ಕ್ರೈಸ್ತ ಧರ್ಮದ ಇತಿಹಾಸದಲ್ಲಿ ನನಗಿರುವ ಆಸಕ್ತಿಯನ್ನು ಬಲ್ಲವರು ಮತ್ತೆ ಮತ್ತೆ ಕೇಳುವ ಪ್ರಶ್ನೆಯಿದು: ತೋಮನ ಸುವಾರ್ತೆಯಂಥ ಗ್ರಂಥಗಳನ್ನು ಚರ್ಚು ಬೇಕೆಂದೇ ಬಚ್ಚಿಟ್ಟಿತ್ತೇ, ಯೇಸುವಿನ ನಿಜವಾದ ಚರಿತ್ರೆ ಅವುಗಳಲ್ಲಿದೆಯೇ? ಎರಡಕ್ಕೂ ಇಲ್ಲವೆಂದೇ ನಾನು ಉತ್ತರಿಸುತ್ತೇನೆ.

1945ರಲ್ಲಿ ಈಜಿಪ್ಟಿನ ದಕ್ಷಿಣ ಭಾಗದ ನಾಗ್ ಹಮ್ಮಾದಿಯ ಸಮೀಪ ರೈತರಿಗೆ ಚರ್ಮದ ಹೊದಿಕೆಯ 12 ಪಪೈರಸ್ ಪುಸ್ತಕಗಳೂ 13ನೆಯದೊಂದರ ಕೆಲವು ಹಾಳೆಗಳೂ ದೊರೆತವು. ತೋಮನ ಸುವಾರ್ತೆಯೂ ಸೇರಿದಂತೆ ಅವುಗಳಲ್ಲಿದ್ದ ಐವತ್ತಕ್ಕೂ ಹೆಚ್ಚು ಕೃತಿಗಳು ಗ್ರೀಕ್‌ನಿಂದ ಈಜಿಪ್ಟಿನ ಕಾಪ್ಟಿಕ್ ಭಾಷೆಗೆ ಅನುವಾದಗೊಂಡಂಥವು. ಮಣ್ಣಿನ ಜಾಡಿಯೊಡೆದು ಅವುಗಳನ್ನು ಹೊರತೆಗೆದ ರೋಚಕ ಕಥೆ ದಶಕಗಳ ನಂತರ ದಾಖಲಾದದ್ದು, ಹೇಳಿದಾಗಲೆಲ್ಲ ಅದರ ವಿವರಗಳು ಬದಲಾಗಿವೆ; ಹೀಗಾಗಿ ನಾನು ಹೆಚ್ಚು ನೆಚ್ಚುವುದು ಪುಸ್ತಕಗಳ ರಟ್ಟನ್ನೇ. ಏಳನೆಯ ಪುಸ್ತಕದ ಹೊದಿಕೆಯನ್ನು ಗಟ್ಟಿಗೊಳಿಸಲು ತುಂಬಿದ್ದ ರದ್ದಿ ಕಾಗದಗಳಲ್ಲಿ 341, 346 ಮತ್ತು 348ರ ದಿನಾಂಕಗಳಿವೆ. ಎಂದರೆ ಆ ಪುಸ್ತಕ ಸಿದ್ಧವಾದದ್ದು ಅದಾದ ಮೇಲೆಯೇ.

ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ 367ರಲ್ಲಿ ಬರೆದ ಪತ್ರದಲ್ಲಿ ಹೊಸ ಒಡಂಬಡಿಕೆಯ 27 ಗ್ರಂಥಗಳನ್ನು ಹೆಸರಿಸಿ ಗುಪ್ತ ಗ್ರಂಥಗಳನ್ನು ತಿರಸ್ಕರಿಸುವಂತೆ ವಿಧಿಸಿದ್ದು ನಿಜ. ಅದಕ್ಕೆ ಅಂಜಿದ ಸನ್ಯಾಸಿಗಳು ಇವನ್ನು ಹೂತಿಟ್ಟರೆಂಬುದು ಮಾತ್ರ ಊಹೆ. 325ರಲ್ಲಿ ನಿಕೇಯದಲ್ಲಿ ನಡೆದ ಬಿಷಪ್‌ಗಳ ಸಭೆಯಲ್ಲಿ ಸುವಾರ್ತೆಗಳ ಆಯ್ಕೆ ನಡೆಯಿತೆಂಬುದಂತೂ ಸುಳ್ಳು. ಖಂಡನೆಗೊಳಗಾದ ಗ್ರಂಥವನ್ನು ನಾಶಮಾಡಲು ಬೆಂಕಿಯೇ ಬೇಕೆಂದಿಲ್ಲ. ನಮ್ಮ ಓಲೆಗರಿಗಳಂತೆ, ಮುಂದಿನ ತಲೆಮಾರು ಪ್ರತಿ ಮಾಡದಿದ್ದರೆ ಅದು ತಾನಾಗಿ ಇಲ್ಲವಾಗುತ್ತದೆ.

ಇನ್ನು ಯೇಸುವಿನ ಚರಿತ್ರೆ. ತೋಮನ ಸುವಾರ್ತೆಯಲ್ಲಿರುವುದು 114 ನುಡಿಗಳು; ಅಲ್ಲಿ ಜನನದ ಕಥೆಯಿಲ್ಲ, ಶಿಲುಬೆಯ ಕಥೆಯೂ ಇಲ್ಲ. ಅದರ ಕೆಲವು ನುಡಿಗಳು ಮೊದಲ ಶತಮಾನದಷ್ಟು ಹಳೆಯವಿರಬಹುದೆಂಬ ವಾದವನ್ನು ನಾನು ಗೌರವಿಸುತ್ತೇನೆ. ಉಳಿದ ಬಹುತೇಕ ಕೃತಿಗಳು ಹೇಳುವುದು ಎರಡು, ಮೂರನೆಯ ಶತಮಾನದ ಭಕ್ತರು ಯೇಸುವನ್ನು ಹೇಗೆ ಕಂಡರೆಂಬುದನ್ನು, ಮತ್ತು ಅವುಗಳ ನಿಜವಾದ ಬೆಲೆ ಇರುವುದೂ ಇಲ್ಲಿಯೇ.

ಇವು ಸಿಗುವವರೆಗೆ ಗುಪ್ತ ಜ್ಞಾನದಿಂದಲೇ ಮುಕ್ತಿಯೆಂದು ನಂಬಿದ, ಗ್ನಾಸ್ಟಿಕ್ ಎಂದು ಕರೆಯಲಾಗುವವರ ವಿಚಾರಗಳು ನಮಗೆ ಬಹುಮಟ್ಟಿಗೆ ಎದುರಾಳಿಗಳ ಬಾಯಿಂದಲೇ ಗೊತ್ತಿದ್ದವು. ಸುಮಾರು 180ರಲ್ಲಿ ಇಂದಿನ ಫ್ರಾನ್ಸಿನ ಲಿಯೋನಿನ ಬಿಷಪ್ ಐರಿನೇಯಸ್ ಅವರನ್ನು ಕಟುವಾಗಿ ಖಂಡಿಸಿ ಬರೆದಿದ್ದ. ಈ ಪುಸ್ತಕಗಳಲ್ಲಿರುವ ‘ಯೋಹಾನನ ರಹಸ್ಯ ಗ್ರಂಥ’ದ ಆರಂಭಭಾಗವನ್ನು ಅವನ ಬರಹದ ಪಕ್ಕದಲ್ಲಿಟ್ಟು ಓದಿದರೆ, ಅದನ್ನು ಹೋಲುವ ಕೃತಿಯೊಂದರ ಸಾರವನ್ನು ಅವನು ಸಾಕಷ್ಟು ನಿಷ್ಠೆಯಿಂದಲೇ ಕೊಟ್ಟಿದ್ದನೆಂದು ತಿಳಿಯುತ್ತದೆ. ಆದರೆ ಆ ಕೃತಿಯ ಧ್ವನಿ ಅವನಲ್ಲಿಲ್ಲ. ತನಗಿಂತ ಮೇಲಿನವರನ್ನು ಅರಿಯದೆ ತಾನೊಬ್ಬನೇ ದೇವರೆಂದು ಬೀಗುವ ಯಾಲ್ದಬಾವೋತ್ ಎಂಬ ಸೃಷ್ಟಿಕರ್ತನ ಮೂಲಕ, ಲೋಕದಲ್ಲಿ ಇಷ್ಟು ದುಃಖವೇಕೆಂಬ ಪ್ರಶ್ನೆಗೆ ಅದರ ಕರ್ತೃ ಉತ್ತರ ಹುಡುಕುತ್ತಾನೆ. ನಾಗ್ ಹಮ್ಮಾದಿಯ ಪುಸ್ತಕಗಳಲ್ಲಿ ಈ ಕೃತಿಯ ಮೂರು ಪ್ರತಿಗಳಿವೆ. ನಾಲ್ಕನೆಯದು 1896ರಲ್ಲಿ ಕೈರೋದಲ್ಲಿ ಖರೀದಿಯಾಗಿ ಬರ್ಲಿನ್ ಸೇರಿದ ಹಸ್ತಪ್ರತಿಯಲ್ಲಿದೆ. ಯಾರೋ ಅದನ್ನು ಅಷ್ಟು ಸಲ ಕೂತು ಬರೆದುಕೊಂಡಿದ್ದರು.