ಬಿಲ್ ಹರಿಯುವ ಮೊದಲು ಕ್ಲೀಟ್ ಬಿಗಿಯಿರಿ

ನಮ್ಮ ಸೈಕಲ್ ಅಂಗಡಿಯಲ್ಲಿ ಕ್ಲಿಪ್‌ಲೆಸ್ ಪೆಡಲ್, ಅಂದರೆ ಶೂವನ್ನು ಹಿಡಿದಿಟ್ಟುಕೊಳ್ಳುವ ಪೆಡಲ್, ಮತ್ತು ಅದರ ಶೂ ಸೇರಿಸಿ ಕಾಂಬೋ ಮಾರಲು ಶುರುಮಾಡಿದಂದಿನಿಂದ ನನಗೂ ಮುದಲಾಳಿಯವರಿಗೂ ತಕರಾರು. ಒಂದೇ ರೇಟು, ಒಂದೇ ಬಿಲ್. ಶೂವಿನ ಅಡಿಗೆ ಬೋಲ್ಟ್ ಹಾಕಿ ಕೂರಿಸುವ, ಪೆಡಲಿಗೆ ಕಚ್ಚಿಕೊಳ್ಳುವ ಲೋಹದ ತುಂಡೇ ಕ್ಲೀಟ್; ಹಿಮ್ಮಡಿ ಪಕ್ಕಕ್ಕೆ ತಿರುಗಿಸಿದರೆ ಬಿಡುತ್ತದೆ. ಅದು ಪೆಡಲಿನ ಪೆಟ್ಟಿಗೆಯಲ್ಲೇ ಇರುತ್ತದೆ, ಗಿರಾಕಿ ಮನೆಗೆ ಹೋಗಿ ಹಾಕಿಕೊಳ್ಳಲಿ ಅನ್ನುವುದು ಅವರ ಲೆಕ್ಕ. ಕ್ಲೀಟ್ ಫಿಟ್ಟಿಂಗಿಗೆ ಜಾಬ್ ಕಾರ್ಡ್ ಇಲ್ಲ, ಚಾರ್ಜೂ ಇಲ್ಲ. ಹಾಗಾಗಿ ವರ್ಕ್‌ಶಾಪಿನಲ್ಲಿ ಅದು ಯಾರ ಕೆಲಸವೂ ಅಲ್ಲ.

ಹೋದ ಮಳೆಗಾಲದಲ್ಲಿ ಬದಿಯಡ್ಕ ಕಡೆಯ ಒಬ್ಬರು ಮಾಷ್ಟ್ರು ಇದೇ ಕಾಂಬೋ ಕೊಂಡುಹೋದರು. ರಿಟೈರ್ ಆದ ಮೇಲೆ ಎಂಟಿಬಿ (ಮೌಂಟೇನ್ ಬೈಕ್) ಹಿಡಿದವರು. ಪೊಸಡಿ ಗುಂಪೆ ಗುಡ್ಡದ ಕಡೆ ಹತ್ತುವುದೆಂದರೆ ಅವರಿಗೆ ಭಾರೀ ಖುಷಿ. ಕೆಲವು ವಾರ ಕಳೆದು ಒಂದು ಸಂಜೆ ಸೈಕಲಿನಲ್ಲೇ ಅಂಗಡಿಯ ಅಂಗಳಕ್ಕೆ ಬಂದರು. ಬಲಗಾಲು ಊರಿದರು. ಎಡಗಾಲು ಪೆಡಲಿನಲ್ಲೇ ಇತ್ತು.

"ಹಿಡ್ಕೊ ಮಾರಾಯ, ಇದು ಬಿಡ್ತಾನೇ ಇಲ್ಲ" ಅಂದರು. ಬಸ್ಸು ಲಾರಿಗಳ ನಡುವೆ ಹಾಗೇ ಬಂದಿದ್ದರು.

ನಾನು ಹ್ಯಾಂಡಲ್ ಹಿಡಿದೆ, ವರ್ಕ್‌ಶಾಪಿನ ಚೇಟ್ಟ ಹಿಂದಿನಿಂದ ಸೀಟು ಹಿಡಿದರು. ಎಸ್‌ಪಿಡಿ (ಶಿಮಾನೋದ ಕ್ಲಿಪ್‌ಲೆಸ್ ಪೆಡಲ್) ಬಿಡುತ್ತಿಲ್ಲ ಅಂದರೆ ಪೆಡಲಿನ ಸ್ಪ್ರಿಂಗ್ ಟೆನ್ಷನ್ ಜಾಸ್ತಿಯಾಗಿರಬೇಕು ಅಂದುಕೊಂಡು 3 ಎಂಎಂ ಅಲೆನ್ ಕೀ ಹಾಕಿ ಸ್ಪ್ರಿಂಗ್ ಪೂರ್ತಿ ಸಡಿಲ ಮಾಡಿದೆ. "ಈಗ ಹಿಮ್ಮಡಿ ಹೊರಗೆ ತಿರುಗಿಸಿ ಮಾಷ್ಟ್ರೇ" ಅಂದೆ. ತಿರುಗಿಸಿದರು. ಟಕ್ ಅನ್ನುವ ಸದ್ದು ಬರಲಿಲ್ಲ. ಇನ್ನೂ ಜೋರಾಗಿ ಅಂದೆ. ಹಿಮ್ಮಡಿ ಎಷ್ಟೋ ದೂರ ಹೋಯಿತು, ಶೂ ಮಾತ್ರ ಪೆಡಲ್ ಬಿಡಲಿಲ್ಲ. ಮತ್ತೊಮ್ಮೆ ಹೇಳಿದಾಗ ಅವರು ಮೊಣಕಾಲು ಹಿಡಿದುಕೊಂಡು ಮುಖ ಕಿವುಚಿದರು. ಆ ಮುಖ ನನಗೆ ಮರೆತಿಲ್ಲ. ಹಿಮ್ಮಡಿ ಅಷ್ಟು ಸಲೀಸಾಗಿ ತಿರುಗುತ್ತಿದೆ ಅಂದರೆ ತೊಂದರೆ ಸ್ಪ್ರಿಂಗಿನದ್ದಲ್ಲ, ಕ್ಲೀಟೇ ಶೂವಿನ ಅಡಿಯಲ್ಲಿ ತಿರುಗುತ್ತಿದೆ. ಮೊದಲ ಸಲವೇ ನನಗದು ಹೊಳೆಯಬೇಕಿತ್ತು.

ಸ್ಟೂಲ್ ತಂದು ಕೂರಿಸಿ, ವೆಲ್ಕ್ರೋ ಬಿಡಿಸಿ ಕಾಲನ್ನು ಶೂವಿನಿಂದಲೇ ಹೊರಗೆ ತೆಗೆದೆವು. ಶೂ ಪೆಡಲಿನಲ್ಲಿ ನೇತಾಡುತ್ತಿತ್ತು. ಚಪ್ಪಟೆ ಸ್ಕ್ರೂಡ್ರೈವರಿನಿಂದ ಹಿಂದಿನ ದವಡೆ ತಳ್ಳಿದಾಗ ಬಿಟ್ಟಿತು. ಮಗುಚಿ ನೋಡಿದರೆ ಎರಡು ಬೋಲ್ಟಿನಲ್ಲಿ ಒಂದು ಇಲ್ಲವೇ ಇಲ್ಲ. ಇನ್ನೊಂದರ ತಲೆಯ ತುಂಬ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ದಬ್ಬಣದಿಂದ ಕೆರೆದು ತೆಗೆದ ಮೇಲೆಯೇ ಕೀ ಒಳಗೆ ಹೋದದ್ದು. ಮುಟ್ಟಿದರೆ ತಿರುಗುವಷ್ಟು ಸಡಿಲ. ಥ್ರೆಡ್ಡಿನಲ್ಲಿ ಗ್ರೀಸಿನ ಪಸೆಯೂ ಇಲ್ಲ. "ಕಾಗದ ಓದಿಯೇ ಹಾಕಿದ್ದೆ" ಅಂದರು ಮಾಷ್ಟ್ರು. ಪಾಪ, ಅವರು ಮಲ್ಟಿಟೂಲಿನಲ್ಲಿ ಕೈಗೆ ಎಟುಕಿದಷ್ಟು ಬಿಗಿದಿದ್ದರು. ಆ ಬೋಲ್ಟಿಗೆ 5ರಿಂದ 6 ನ್ಯೂಟನ್ ಮೀಟರ್ ಬಿಗಿತ ಬೇಕು. ಮೊದಲ ರೈಡ್ ಆದ ಮೇಲೆ ಮತ್ತೊಮ್ಮೆ ಬಿಗಿಯಬೇಕು. ಅವರಿಗೆ ಇದನ್ನು ಹೇಳಬೇಕಾದ್ದು ನಾವು.

ಆ ಸಂಜೆಯ ನಂತರ ಕೌಂಟರಿನಲ್ಲಿ ನಾನು ಮೊದಲು ತೋರಿಸುವುದು ಶೂ. ಪೆಡಲ್ ಆಮೇಲೆ. ನಮ್ಮ ಕಡೆಯ ರೈಡಿನಲ್ಲಿ ಇಳಿದು ನಡೆಯುವುದು ಇದ್ದೇ ಇದೆ. ಅಡಿಕೆ ತೋಟದ ಸಂಕ ಬಂತು, ತೋಡು ಬಂತು, ಹಾವಸೆ ಹಿಡಿದ ಮುರಕಲ್ಲಿನ ಪದವು ಬಂತು. ಗಟ್ಟಿ ಕಾರ್ಬನ್ ಸೋಲಿನ ರೇಸ್ ಶೂ ಅಲ್ಲಿ ಜಾರುತ್ತದೆ. ಒಳ್ಳೆ ರಬ್ಬರಿನ, ಮುಂಗಾಲಿನಲ್ಲಿ ಸ್ವಲ್ಪ ಬಾಗುವ ಟ್ರೇಲ್ ಶೂ ಸಾಕು. ಸಂಜೆ ಹೊತ್ತು ಬನ್ನಿ, ಆಗ ಕಾಲು ಸ್ವಲ್ಪ ಊದಿರುತ್ತದೆ. ಸಾಕ್ಸ್ ಹಾಕಿಕೊಂಡೇ ಅಳತೆ ನೋಡಿ. ಬೆರಳು ಮುಂದೆ ತಾಗಬಾರದು. ರೋಡ್ ಬೈಕಿನ ಮೂರು ಬೋಲ್ಟಿನ ಶೂ ಅಗ್ಗಕ್ಕೆ ಸಿಕ್ಕಿದರೂ ಬೇಡ, ಎರಡು ಬೋಲ್ಟಿನ ಕ್ಲೀಟ್ ಅದಕ್ಕೆ ನೇರವಾಗಿ ಕೂರುವುದಿಲ್ಲ.

ಇನ್ನೊಂದು ವಿಷಯ ಪೆಟ್ಟಿಗೆ ನೋಡಿದರೆ ಗೊತ್ತಾಗುವುದಿಲ್ಲ. ಕೆಲವು ಶೂಗಳ ರಬ್ಬರ್ ಎತ್ತರ ಇರುತ್ತದೆ, ಕ್ಲೀಟ್ ಒಳಗೆ ಹುದುಗಿ ಹೋಗುತ್ತದೆ. ರಬ್ಬರ್ ಪೆಡಲಿನ ಅಂಚಿಗೆ ಉಜ್ಜಿ ಹಾಕುವಾಗಲೂ ಕಷ್ಟ, ಬಿಡಿಸುವಾಗಲೂ ಕಷ್ಟ. ಕ್ಲೀಟಿನ ಅಡಿಗೆ ಸ್ಪೇಸರ್ ಅನ್ನುವ ತೆಳು ಪಟ್ಟಿ ಕೊಡಬೇಕು, ಇಲ್ಲವೇ ಆ ಜಾಗದ ರಬ್ಬರ್ ಕೆತ್ತಬೇಕು. ಅದೇ ಶೂವನ್ನು ಅದೇ ಪೆಡಲಿಗೆ ಹಾಕಿ ನೋಡದೆ ಕಾಂಬೋ ಮಾಡುವುದು ಹೇಗೆ ಸರಿ?

ಪೆಡಲಿನಲ್ಲಿ ಹೊಸಬರಿಗೆ ನಾನು ಹೇಳುವುದು ಶಿಮಾನೋ ಎಂ520, ಅಥವಾ ಸುತ್ತ ಪ್ಲಾಟ್‌ಫಾರ್ಮ್ ಇರುವ ಎಂ530. ಪೆಟ್ಟಿಗೆಯ ಎಸ್‌ಎಚ್51 ಕ್ಲೀಟ್ ಹಿಮ್ಮಡಿ ಪಕ್ಕಕ್ಕೆ ತಿರುಗಿಸಿದರೆ ಮಾತ್ರ ಬಿಡುತ್ತದೆ. ಹೆದರಿಕೆ ಇರುವವರಿಗೆ ಎಸ್‌ಎಚ್56 ಬೇರೆ ಕೊಳ್ಳಲು ಹೇಳುತ್ತೇನೆ, ಗಾಬರಿಯಲ್ಲಿ ಓರೆಯಾಗಿ ಮೇಲಕ್ಕೆ ಎಳೆದರೂ ಅದು ಬಿಡುತ್ತದೆ. ಕೆಸರಲ್ಲೇ ಜಾಸ್ತಿ ಓಡಿಸುವವರಿಗೆ ಕ್ರ್ಯಾಂಕ್‌ಬ್ರದರ್ಸ್ ಎಗ್‌ಬೀಟರ್ ಚೆನ್ನಾಗಿದೆ. ನಾಲ್ಕು ಬದಿಯಿಂದಲೂ ಹಾಕಬಹುದು, ಕೆಸರು ನಿಲ್ಲುವುದಿಲ್ಲ. ಆದರೆ ಟೆನ್ಷನ್ ಅಡ್ಜಸ್ಟ್ ಮಾಡಲು ಬರುವುದಿಲ್ಲ, ಹಿತ್ತಾಳೆ ಕ್ಲೀಟ್ ಬೇಗ ಸವೆಯುತ್ತದೆ. ತೋಟದ ದಾರಿಯಲ್ಲಿ ಹೆಜ್ಜೆಗೊಮ್ಮೆ ಕಾಲೂರುವವರಿಗೆ ಕ್ಲೀಟ್ ಬೇಡದ ಫ್ಲ್ಯಾಟ್ ಪೆಡಲೇ ಒಳ್ಳೆಯದು. ಹೀಗೆ ಹೇಳಿ ಒಂದಿಷ್ಟು ಮಾರಾಟ ಕಳೆದುಕೊಂಡಿದ್ದೇನೆ, ಬೇಸರವಿಲ್ಲ.

ಈಗ ಕ್ಲೀಟ್ ಕೂರಿಸಿ, ಸ್ಪ್ರಿಂಗ್ ಸಡಿಲ ಇಟ್ಟು, ಗೋಡೆ ಹಿಡಿಸಿ ಎರಡೂ ಕಾಲಲ್ಲಿ ಟಕ್ ಟಕ್ ಮಾಡಿಸಿದ ಮೇಲೆಯೇ ಗಿರಾಕಿಯನ್ನು ಕಳಿಸುತ್ತೇನೆ. ಸಮಯ ಹಿಡಿಯುತ್ತದೆ, ಆ ಹೊತ್ತಿಗೆ ಸರ್ವೀಸ್ ಸ್ಟ್ಯಾಂಡಿನಲ್ಲಿ ಸೈಕಲ್ ಕಾಯುತ್ತಿರುತ್ತದೆ, ಮುದಲಾಳಿಯವರು ಗಡಿಯಾರ ನೋಡುತ್ತಾರೆ. ಜಾಬ್ ಕಾರ್ಡ್ ಮಾಡಿಕೊಡಿ ಅಂತ ಕೇಳುತ್ತಲೇ ಇದ್ದೇನೆ, ಇನ್ನೂ ಆಗಿಲ್ಲ. ಅಲ್ಲಿಯವರೆಗೆ ಕೊಳ್ಳುವವರೇ ಕೌಂಟರಿನಲ್ಲಿ "ಕ್ಲೀಟ್ ಇಲ್ಲೇ ಹಾಕಿಕೊಡಿ" ಅಂತ ಕೇಳಿ. ಬಿಗಿತ ಅಳೆಯುವ ಟಾರ್ಕ್ ರೆಂಚ್ ಒಳಗೇ ಇದೆ.